ಲೆ ಬೋ: ಬಂಡೆ ಮೇಲಿನ ಹಳ್ಳಿಯನ್ನು ಅವಸರವಿಲ್ಲದೆ ನೋಡುವ ಬಗೆ

ಮೊದಲ ಸಲ ದಕ್ಷಿಣ ಫ್ರಾನ್ಸಿನ ಲೆ ಬೋ ಹಳ್ಳಿಗೆ ಹೋದಾಗ ನಾವು ಮಾಡಿದ್ದೆಲ್ಲ ಎಡವಟ್ಟೇ. ಆಗಸ್ಟ್ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ. ಕಾರು ನಿಲ್ಲಿಸಲು ಜಾಗ ಸಿಕ್ಕಿದ್ದು ಊರಿಂದ ಒಂದೂವರೆ ಕಿಲೋಮೀಟರ್ ಕೆಳಗೆ. ಏರು ಹತ್ತಿ ಬರುವಷ್ಟರಲ್ಲಿ ನೀರಿನ ಬಾಟಲಿ ಖಾಲಿ. ಬೀದಿ ತುಂಬ ಜನ, ಐಸ್‌ಕ್ರೀಮ್ ಅಂಗಡಿ ಮುಂದೆ ಉದ್ದ ಸಾಲು. ಕೋಟೆಯ ಮೇಲೆ ಹುಡುಕಿದರೂ ನೆರಳಿಲ್ಲ. ಆಮೇಲೆ ಬೆವರಿಗೆ ಒದ್ದೆಯಾದ ಅಂಗಿಯಲ್ಲೇ, ಈಗ ಕಲಾ ಪ್ರದರ್ಶನ ನಡೆಯುವ ಹಳೆಯ ಕಲ್ಲುಗಣಿಯೊಳಗೆ ನುಗ್ಗಿ, ಅಲ್ಲಿನ ಚಳಿಗೆ ನಡುಗುತ್ತಾ ನಿಂತೆವು. ಸಂಜೆ ರೂಮಿಗೆ ಬಂದು "ಏನು ನೋಡಿದ್ವಿ?" ಅಂತ ಕೇಳಿಕೊಂಡರೆ ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ.

ಎರಡನೇ ಸಲ ಹೋದದ್ದು ಅಕ್ಟೋಬರ್‌ನಲ್ಲಿ. ಜಾಗಗಳು ಅವೇ, ಕ್ರಮ ಮಾತ್ರ ಬೇರೆ. ಊರೇ ಬೇರೆ ಅನ್ನಿಸಿತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜೊತೆಗೆ ಒಂದು ಮಾತು ನೆನಪಿಟ್ಟುಕೊಳ್ಳಿ: ಈ ಊರಲ್ಲಿ ಕಟ್ಟಿದ್ದು ಎಷ್ಟಿದೆಯೋ ಕೊರೆದದ್ದೂ ಹೆಚ್ಚುಕಡಿಮೆ ಅಷ್ಟೇ ಇದೆ. ಕೋಟೆ, ಚರ್ಚು, ಕಲ್ಲುಗಣಿ, ಎಲ್ಲದಕ್ಕೂ ಒಂದೇ ಬೆಟ್ಟದ ಬಿಳಿ ಸುಣ್ಣಕಲ್ಲು. ಕಣ್ಣು ಕಲ್ಲಿನ ಮೇಲಿದ್ದರೆ ಊರು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಪೂರ್ತಿ ಹೆಸರು ಲೆ ಬೋ ದ ಪ್ರೊವಾನ್ಸ್. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ, ಆಲ್ಪೀಯ್ ಎಂಬ ಗುಡ್ಡಸಾಲಿನಲ್ಲಿದೆ. ಫ್ರೆಂಚಿನಲ್ಲಿ ಬರೆಯುವಾಗ ಅಕ್ಷರಗಳು ಜಾಸ್ತಿ, ಹೇಳುವಾಗ ಬರೀ 'ಬೋ'. ಅಲ್ಲಿನ ಹಳೆಯ ನುಡಿ ಪ್ರೊವೆನ್ಸಾಲ್‌ನಲ್ಲಿ 'ಬಾವು' ಎಂದರೆ ಚಾಚಿಕೊಂಡ ಕಡಿದಾದ ಬಂಡೆ. ಊರಿನ ಹೆಸರು ಬಂದದ್ದು ಅದರಿಂದಲೇ. 1821ರಲ್ಲಿ ಪಿಯೇರ್ ಬೆರ್ತಿಯೇ ಎಂಬ ಭೂವಿಜ್ಞಾನಿ ಇಲ್ಲೇ ಹತ್ತಿರದಲ್ಲಿ ಒಂದು ಕೆಂಪು ಅದಿರನ್ನು ಗುರುತಿಸಿದ. ಅದಕ್ಕೆ ಊರಿನ ಹೆಸರೇ ಅಂಟಿಕೊಂಡು ಬಾಕ್ಸೈಟ್ ಆಯಿತು. ಅಲ್ಯುಮಿನಿಯಂ ತೆಗೆಯುವುದು ಅದರಿಂದಲೇ. ಹಾಗಾಗಿ ನಮ್ಮ ಅಡುಗೆಮನೆಯ ಕುಕ್ಕರಿಗೂ ಈ ಹಳ್ಳಿಗೂ ದೂರದ ನಂಟಿದೆ ಅನ್ನಬಹುದು.

ಯಾವಾಗ ಹೋಗಬೇಕು, ಮೊದಲೇ ಏನು ಮಾಡಿಕೊಳ್ಳಬೇಕು

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಹೋಗಿ. ಇಲ್ಲವಾದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯೊಳಗೆ. ಜುಲೈ, ಆಗಸ್ಟ್‌ನಲ್ಲಿ ಬಿಸಿ 35 ಡಿಗ್ರಿ ಮುಟ್ಟುತ್ತದೆ. "ನಮಗೇನು ಬಿಸಿಲು ಹೊಸದಾ?" ಅಂತ ನಾನೂ ಅಂದುಕೊಂಡಿದ್ದೆ. ಆದರೆ ಇಲ್ಲಿ ಬಿಸಿಲು ಮೇಲಿಂದ ಬೀಳುವುದಷ್ಟೇ ಅಲ್ಲ, ಬಿಳಿ ಕಲ್ಲಿಗೆ ಬಡಿದು ಕೆಳಗಿಂದಲೂ ಬರುತ್ತದೆ. ಟೋಪಿ ಹಾಕಿಕೊಂಡರೂ ಗಲ್ಲ ಸುಡುತ್ತದೆ.

ಚಳಿಗಾಲದ ಕಥೆ ಬೇರೆ. ಜನ ಕಡಿಮೆ, ಬೆಳಕು ಚೆನ್ನಾಗಿರುತ್ತದೆ. ಆದರೆ ಜನವರಿಯಲ್ಲಿ ಅರ್ಧ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಕಲ್ಲುಗಣಿಯ ಕಲಾ ಪ್ರದರ್ಶನವನ್ನೂ ವರ್ಷದ ಆರಂಭದಲ್ಲಿ ಹೊಸದನ್ನು ಕೂರಿಸಲು ಕೆಲವು ವಾರ ನಿಲ್ಲಿಸುತ್ತಾರೆ. ದಿನಾಂಕ ನೋಡದೆ ಹೊರಡಬೇಡಿ.

ಇನ್ನೊಂದು ಲೆಕ್ಕ ಗಾಳಿಯದು. ಉತ್ತರದಿಂದ ಬೀಸುವ ಇಲ್ಲಿನ ಒಣ ಚಳಿಗಾಳಿಗೆ ಮಿಸ್ತ್ರಾಲ್ ಅಂತ ಹೆಸರು. ಅದು ಎದ್ದ ದಿನ ಆಕಾಶ ತೊಳೆದಿಟ್ಟ ಹಾಗೆ ನೀಲಿ, ಆದರೆ ಕೋಟೆಯ ತುದಿಯಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಗಾಳಿ ಜೋರಾದರೆ ಗೋಪುರಗಳಿಗೆ ಹತ್ತಲು ಬಿಡುವುದಿಲ್ಲ. ಹವಾಮಾನದ ಆ್ಯಪ್‌ನಲ್ಲಿ ಮಳೆಯ ಜೊತೆ ಗಾಳಿಯ ವೇಗವನ್ನೂ ನೋಡಿ. ಎರಡು ದಿನ ಕೈಯಲ್ಲಿದ್ದರೆ ಗಾಳಿ ಕಡಿಮೆ ಇರುವ ದಿನಕ್ಕೆ ಲೆ ಬೋ ಇಟ್ಟುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಳ್ಗಿಚ್ಚಿನ ಭಯವಿರುವ ದಿನಗಳಲ್ಲಿ ಆಲ್ಪೀಯ್ ಗುಡ್ಡಗಳ ಕಾಲುದಾರಿಗಳನ್ನು ಜಿಲ್ಲಾಡಳಿತ ಮುಚ್ಚುತ್ತದೆ. ಊರಿಗೆ ಹೋಗಲು ತೊಂದರೆಯಿಲ್ಲ, ಗುಡ್ಡ ಸುತ್ತುವ ಆಸೆ ಇದ್ದವರು ಮಾತ್ರ ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಬೇಕು.

ವೀಸಾ ಬಗ್ಗೆ ಚಿಕ್ಕದಾಗಿ: ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ, ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮೊದಲಿಂದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೋಗುವವರು ಆದಷ್ಟು ಬೇಗ ಹಾಕಿ, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ.

ಟಿಕೆಟ್ ಬೇಕಾಗುವುದು ಮುಖ್ಯವಾಗಿ ಎರಡಕ್ಕೆ, ಕೋಟೆಗೆ ಮತ್ತು ಕಲ್ಲುಗಣಿಯ ಪ್ರದರ್ಶನಕ್ಕೆ. ಹಳ್ಳಿಯೊಳಗೆ ಓಡಾಡಲು ದುಡ್ಡಿಲ್ಲ. ಕಲ್ಲುಗಣಿಗೆ ಆನ್‌ಲೈನಿನಲ್ಲಿ ಸಮಯ ನಿಗದಿ ಮಾಡಿಕೊಂಡೇ ಹೋಗಿ. ಮಧ್ಯಾಹ್ನ ಒಂದೂವರೆಯ ಆಸುಪಾಸಿನ ಹೊತ್ತು ತೆಗೆದುಕೊಳ್ಳಿ. ಕಾರಣ ಮುಂದೆ ಬರುತ್ತದೆ.

ತಲುಪುವುದು

ಪ್ಯಾರಿಸ್‌ನಿಂದ ಬರುವವರಿಗೆ ಸುಲಭದ ದಾರಿ ಟಿಜಿವಿ ರೈಲು. ಗಾರ್ ದ ಲಿಯೋನ್ ನಿಲ್ದಾಣದಿಂದ ಅವಿನ್ಯೋನ್‌ಗೆ ಸುಮಾರು ಎರಡು ಗಂಟೆ ನಲವತ್ತು ನಿಮಿಷ. ಅಲ್ಲಿಂದ ಲೆ ಬೋಗೆ ಸುಮಾರು 30 ಕಿಲೋಮೀಟರ್. ಆರ್ಲ್ ಪಟ್ಟಣದಿಂದಾದರೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಸೇಂಟ್ ರೆಮಿಯಿಂದ ಸುಮಾರು 10. ಊರಿಗೆ ರೈಲಿಲ್ಲ. ಬಸ್ಸು ಬೇಸಿಗೆಯ ಹಂಗಾಮಿನಲ್ಲಿ ಓಡುತ್ತದೆ, ಉಳಿದ ತಿಂಗಳುಗಳಲ್ಲಿ ನೆಚ್ಚಿಕೊಳ್ಳುವಂತಿಲ್ಲ. ಬಸ್ಸಿನಲ್ಲೇ ಹೋಗುವುದಾದರೆ ಬರುವ ಬಸ್ಸಿಗಿಂತ ವಾಪಸ್ ಹೋಗುವ ಕೊನೆಯ ಬಸ್ಸಿನ ಹೊತ್ತನ್ನು ಮೊದಲು ಬರೆದಿಟ್ಟುಕೊಳ್ಳಿ.

ನನ್ನ ಮಟ್ಟಿಗೆ ಬಾಡಿಗೆ ಕಾರೇ ಸರಿ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಊರಲ್ಲೇ ಮಾಡಿಸಿಕೊಂಡು ಹೋಗಿ. ಅಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆ. ಗೇರನ್ನು ಬಲಗೈಯಲ್ಲಿ ಹಾಕಬೇಕು. ಮೊದಲ ದಿನ ಗೇರು ಹಾಕಲು ಹೋಗಿ ಬಾಗಿಲಿನ ಹಿಡಿ ಹಿಡಿದವನು ನಾನು. ಆಟೋಮ್ಯಾಟಿಕ್ ಗಾಡಿ ಬೇಕೆಂದರೆ ಬುಕ್ ಮಾಡುವಾಗಲೇ ಆರಿಸಿ, ಅಲ್ಲಿ ಹೋಗಿ ಕೇಳಿದರೆ ಸಿಗುವುದು ಅನುಮಾನ.

ಊರೊಳಗೆ ಗಾಡಿ ಬಿಡುವುದಿಲ್ಲ. ಸುತ್ತಲಿನ ರಸ್ತೆಬದಿಯಲ್ಲಿ ದುಡ್ಡು ಕೊಟ್ಟು ನಿಲ್ಲಿಸಬೇಕು. ಬೆಳಗ್ಗೆ ಒಂಬತ್ತಕ್ಕೆ ಮೊದಲು ಬಂದರೆ ಊರಿನ ಬುಡದಲ್ಲೇ ಜಾಗ ಸಿಗುತ್ತದೆ. ಹತ್ತೂವರೆ ದಾಟಿತೋ, ನಮ್ಮ ಆಗಸ್ಟ್ ಕಥೆಯೇ.

ಕಾಲಿಗೆ ರಬ್ಬರ್ ಅಡಿಯ ಶೂ ಇರಲಿ. ಶತಮಾನಗಳಿಂದ ಜನ ತುಳಿದ ಸುಣ್ಣಕಲ್ಲು ಗಾಜಿನ ಹಾಗೆ ನುಣುಪಾಗಿದೆ. ನಾಲ್ಕು ಹನಿ ಮಳೆ ಬಿದ್ದರೆ ಚಪ್ಪಲಿಯಲ್ಲಿ ನಡೆಯುವುದು ಸಾಧ್ಯವೇ ಇಲ್ಲ. ಬ್ಯಾಗಿನಲ್ಲಿ ತಲೆಗೆ ಒಂದೂವರೆ ಲೀಟರ್ ನೀರು, ಒಂದು ಸ್ವೆಟರ್. ಹೌದು, ಬೇಸಿಗೆಯಲ್ಲೂ ಸ್ವೆಟರ್.

ಹಳೆಯ ಬಾಗಿಲಿಂದ ಒಳಗೆ ಬನ್ನಿ

ಎಲ್ಲರೂ ಊರೊಳಗೆ ಬರುವುದು ಪೋರ್ಟ್ ಮಾಜ್ ಬಾಗಿಲಿಂದ. ಅದು ಹೊಸದು, 1866ರದ್ದು. ಅದಕ್ಕೂ ಮೊದಲು ಊರಿಗೆ ಇದ್ದ ಹೆಬ್ಬಾಗಿಲು ಪೋರ್ಟ್ ಏಗ್ಯೇರ್. ಅದು ಪಶ್ಚಿಮದ ಕಣಿವೆಯ ಕಡೆಗಿದೆ. ಸ್ವಲ್ಪ ಸುತ್ತು, ಸ್ವಲ್ಪ ಏರು. ಆದರೂ ಅಲ್ಲಿಂದಲೇ ಬನ್ನಿ ಅನ್ನುತ್ತೇನೆ. ಕೆಳಗಿನ ಹೊಲಗಳಿಂದ ಬರುವ ಕಲ್ಲುಹಾಸಿನ ಇಳಿಜಾರು, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಅಗಲ. ಕೋಟೆ ಮೇಲೆ ದಾಳಿ ಮಾಡಬೇಕಿದ್ದವನ ಪಾಡು ಏನಿರಬಹುದು ಅಂತ ತೊಡೆಗಳಿಗೇ ಗೊತ್ತಾಗುತ್ತದೆ.

ಒಳಗೆ ಬಂದ ಮೇಲೆ ಎಲ್ಲೂ ನಿಲ್ಲಬೇಡಿ. ಸೋಪು, ಲ್ಯಾವೆಂಡರ್ ಚೀಲ, ಆಲಿವ್ ಮರದ ಸೌಟು, ಎಲ್ಲ ಸಂಜೆಗೂ ಅಲ್ಲೇ ಇರುತ್ತವೆ. ನೇರ ಮೇಲಕ್ಕೆ ಹೋಗಿ. ಕೋಟೆಯ ಬಾಗಿಲು ಊರಿನ ತುತ್ತತುದಿಯಲ್ಲಿದೆ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬೇಕು.

ಕೋಟೆ: ಎರಡು ಗಂಟೆ ಕೊಡಿ

ಒಳಗೆ ಕಾಲಿಟ್ಟ ಕೂಡಲೇ ಕೋಟೆ ಕಾಣುವುದಿಲ್ಲ. ಸುಮಾರು ಏಳು ಹೆಕ್ಟೇರಿನ ಬಟಾಬಯಲು ಬಂಡೆ, ಅದರ ಮೇಲೆ ಗಾಳಿ. ಎಡಕ್ಕೆ ತಿರುಗಿದರೆ ಅವಶೇಷ ಕಾಣುತ್ತದೆ, ಎಲ್ಲರೂ ಅತ್ತ ಓಡುತ್ತಾರೆ. ನೀವು ಮೊದಲು ನೇರ ದಕ್ಷಿಣದ ಅಂಚಿಗೆ ಹೋಗಿ. ಕೆಳಗೆ ಆಲಿವ್ ತೋಪುಗಳು, ದ್ರಾಕ್ಷಿ ತೋಟಗಳು, ಆಚೆ ಆರ್ಲ್ ಕಡೆಯ ಬಯಲು, ಅದರಾಚೆ ಕಮಾರ್ಗ್‌ನ ಜೌಗು. ತಿಳಿಯಾದ ದಿನ ಸಮುದ್ರದ ಗೆರೆಯೂ ಕಾಣುತ್ತದೆ. ಇಲ್ಲಿ ನಿಂತವನಿಗೆ ಕೆಳಗಿನ ದಾರಿಯಲ್ಲಿ ಯಾರು ಬಂದರೂ ತಿಳಿಯುತ್ತಿತ್ತು. ಇಲ್ಲೇ ಯಾಕೆ ಕೋಟೆ ಕಟ್ಟಿದರು ಅನ್ನುವ ಪ್ರಶ್ನೆಗೆ ಉತ್ತರ ಇಷ್ಟೇ.

ಈ ಅಂಚಿನ ಹತ್ತಿರವೇ ಒಂದು ಪ್ರತಿಮೆ ಇದೆ. ಅದು ಶಾರ್ಲೂನ್ ರಿಯೂ ಎಂಬ ಪ್ರೊವೆನ್ಸಾಲ್ ಕವಿಯದು, ಬದುಕಿದ್ದು 1846ರಿಂದ 1924ರವರೆಗೆ. ರೈತನೂ ಹೌದು, ಕವಿಯೂ ಹೌದು. ದೊರೆಗಳ ಕೋಟೆಯ ನೆತ್ತಿಯಲ್ಲಿ ಕೊನೆಗೆ ಉಳಿದದ್ದು ಹೊಲ ಉತ್ತವನ ಪ್ರತಿಮೆ, ಅಲ್ವಾ!

ಆ ದೊರೆಗಳ ಬಗ್ಗೆ ಸ್ವಲ್ಪ ಗೊತ್ತಿದ್ದರೆ ಕೋಟೆಗೆ ಜೀವ ಬರುತ್ತದೆ. ಯೇಸು ಹುಟ್ಟಿದಾಗ ನೋಡಲು ಬಂದ ಮೂಡಣ ದೇಶದ ಜೋಯಿಸರಲ್ಲಿ ಬಾಲ್ತಸಾರ ಒಬ್ಬ, ನಾವು ಅವನ ವಂಶದವರು ಅಂತ ಬೋ ಮನೆತನದವರು ಹೇಳಿಕೊಳ್ಳುತ್ತಿದ್ದರು. ಅದಕ್ಕೇ ಅವರ ಲಾಂಛನದಲ್ಲಿ 16 ಮೊನೆಯ ನಕ್ಷತ್ರ. ಊರ ತುಂಬ ಆ ನಕ್ಷತ್ರ ಕಾಣುತ್ತದೆ, ಮಕ್ಕಳಿದ್ದರೆ ಎಣಿಸಲು ಹೇಳಿ. ಅವರ ಕೈಕೆಳಗೆ 79 ಊರುಗಳಿದ್ದವೆಂಬ ಮಾತಿದೆ. 1144ರಿಂದ 1162ರವರೆಗೆ ಪ್ರೊವಾನ್ಸ್ ಯಾರದ್ದು ಅನ್ನುವ ಜಗಳದಲ್ಲಿ ಬಾರ್ಸಿಲೋನಾದ ದೊರೆಗಳ (ಅವರ ಬಿರುದು 'ಕೌಂಟ್') ಎದುರು ಯುದ್ಧ ಮಾಡಿ ಸೋತರು. 14ನೇ ಶತಮಾನದ ಕೊನೆಗೆ ಇಲ್ಲಿ ಆಳಿದ ರೇಮೋನ್ ದ ಟ್ಯುರೇನ್ ಸೆರೆಯಾಳುಗಳನ್ನು ಇದೇ ಅಂಚಿನಿಂದ ಕೆಳಕ್ಕೆ ಹಾರಿಸುತ್ತಿದ್ದ ಅಂತ ಹೇಳುತ್ತಾರೆ. ಆ ಕಥೆ ಕೇಳಿದ ಮೇಲೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮನೆತನದ ಕೊನೆಯ ಒಡತಿ ಆಲೀಸ್ 1426ರಲ್ಲಿ ತೀರಿಕೊಂಡಳು. ಪ್ರೊವಾನ್ಸ್ ಫ್ರಾನ್ಸಿಗೆ ಸೇರಿದ ಮೇಲೆ ಊರು ದಂಗೆಯೆದ್ದಿತು, 1483ರಲ್ಲಿ 11ನೇ ಲೂಯಿ ಕೋಟೆಯನ್ನು ಕೆಡವಿಸಿದ. ಆಮೇಲೆ ಮತ್ತೆ ಎದ್ದು ನಿಂತದ್ದನ್ನು 1632-33ರಲ್ಲಿ 13ನೇ ಲೂಯಿಯ ಮಂತ್ರಿ ರಿಷೆಲ್ಯೂ ನೆಲಸಮ ಮಾಡಿಸಿದ. ಈಗ ನಾವು ನೋಡುವುದು ಆ ಕೆಲಸದಲ್ಲಿ ಅಳಿದುಳಿದದ್ದನ್ನು.

ಬಯಲಿನಲ್ಲಿ ಮರದ ದೊಡ್ಡ ಯಂತ್ರಗಳನ್ನು ನಿಲ್ಲಿಸಿದ್ದಾರೆ, ಕೋಟೆ ಒಡೆಯಲು ಬಳಸುತ್ತಿದ್ದ ಕವಣೆಗಳ ಮರುನಿರ್ಮಾಣ. ಅತಿ ದೊಡ್ಡದು ಟ್ರೆಬುಶೆ, ಸುಮಾರು 16 ಮೀಟರ್ ಎತ್ತರ. ಅದರ ಕೆಲಸ ತೂಗುಹಲಗೆಯ ಹಾಗೆ. ಗಿಡ್ಡ ತೋಳಿಗೆ ಭಾರದ ಪೆಟ್ಟಿಗೆ, ಉದ್ದ ತೋಳಿನ ತುದಿಗೆ ಹಗ್ಗದ ಜೋಲಿ, ಜೋಲಿಯಲ್ಲಿ ಕಲ್ಲು. ಭಾರವನ್ನು ಮೇಲೆತ್ತಿ ಕೊಕ್ಕೆ ಹಾಕಿ, ಆಮೇಲೆ ಬಿಟ್ಟುಬಿಡುತ್ತಾರೆ. ಭಾರ ದೊಪ್ಪನೆ ಕೆಳಗೆ, ಉದ್ದ ತೋಳು ಮೇಲೆ, ಕೊನೇ ಗಳಿಗೆಯಲ್ಲಿ ಜೋಲಿ ಬಿಚ್ಚಿಕೊಂಡು ಕಲ್ಲು ಹಾರುತ್ತದೆ. ಹಂಗಾಮಿನಲ್ಲಿ ಇದನ್ನು ನಡೆಸಿ ತೋರಿಸುತ್ತಾರೆ. ಹೊತ್ತನ್ನು ಟಿಕೆಟ್ ಕೊಡುವಲ್ಲಿ ಕೇಳಿಕೊಂಡರೆ ಕೋಟೆಯ ಸುತ್ತನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.

ಈಗ ಮುಖ್ಯ ಅವಶೇಷ. ಇಲ್ಲಿ ನಿಧಾನ ಮಾಡಿ. ಗೋಡೆ ಎಲ್ಲಿ ಮುಗಿಯಿತು, ಬಂಡೆ ಎಲ್ಲಿ ಶುರುವಾಯಿತು ಅಂತ ಹುಡುಕಿ. ಬೇಗ ಸಿಗುವುದಿಲ್ಲ. ಕೆಳಗಿನ ಅರ್ಧ ಬೆಟ್ಟವನ್ನೇ ಕೊರೆದದ್ದು, ಮೇಲಿನ ಅರ್ಧ ಅದೇ ಕಲ್ಲನ್ನು ಕಡಿದು ಪೇರಿಸಿದ್ದು. ಗೋಡೆಯ ಮೇಲೆ ಸಾಲಾಗಿ ಚೌಕ ತೂತುಗಳಿವೆ. ಸುಮ್ನೆ ತೂತು ಅಂದುಕೊಂಡು ದಾಟಿಬಿಡಬೇಡಿ. ಒಂದು ಸಾಲು ತೂತು ಎಂದರೆ ಅಲ್ಲಿ ಒಂದು ಸಾಲು ತೊಲೆ ಇತ್ತು. ತೊಲೆ ಇತ್ತೆಂದರೆ ಮೇಲೆ ಹಲಗೆಯ ನೆಲವಿತ್ತು. ಅಂದರೆ ನಿಮ್ಮ ತಲೆಯ ಮೇಲೆ, ಈಗ ಬರೀ ಆಕಾಶ ಇರುವಲ್ಲಿ, ಒಂದು ಕೋಣೆ. ಅದಕ್ಕಿಂತ ಮೇಲೆ ಇನ್ನೊಂದು ಸಾಲು ತೂತು ಕಂಡರೆ ಇನ್ನೊಂದು ಮಹಡಿ. ಗೋಡೆಯ ನಡುವೆ ಅರ್ಧಕ್ಕೆ ತೂಗುವ ಬಾಗಿಲು, ಕಪ್ಪು ಹಿಡಿದ ಒಲೆಗೂಡು ಸಿಕ್ಕರೆ ಅದನ್ನೂ ಸೇರಿಸಿಕೊಳ್ಳಿ. ಹತ್ತು ನಿಮಿಷದಲ್ಲಿ ಕಣ್ಣೆದುರು ಮನೆ ಎದ್ದು ನಿಲ್ಲುತ್ತದೆ. ಆಡಿಯೋ ಗೈಡ್‌ನಲ್ಲಿ ಇಸವಿಗಳು ಸಿಗುತ್ತವೆ, ಈ ಖುಷಿ ಸಿಗುವುದಿಲ್ಲ.

ಇನ್ನೊಂದು ಗೋಡೆಯ ತುಂಬ ಪುಟ್ಟ ಪುಟ್ಟ ಗೂಡುಗಳಿವೆ. ಅದು ಪಾರಿವಾಳದ ಮನೆ, ಅದನ್ನೂ ಬಂಡೆಯಲ್ಲೇ ಕೊರೆದಿದ್ದಾರೆ. ಪಾರಿವಾಳ ಸಾಕುವುದು ಆಗ ದೊರೆಗಳ ಹಕ್ಕು. ಮಾಂಸ ಅವರಿಗೆ, ಹಕ್ಕಿಗಳು ತಿಂದ ಕಾಳು ರೈತನದು.

ಗೋಪುರಗಳಿಗೆ ಹತ್ತುವ ಮೆಟ್ಟಿಲು ಕಡಿದು, ಸವೆದು ನಡುವೆ ಹಳ್ಳ ಬಿದ್ದಿವೆ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಮಂಡಿನೋವು ಇದ್ದವರು ಕೆಳಗೇ ಉಳಿಯಿರಿ, ಬಯಲಿನಿಂದಲೇ ನೋಟ ಸಾಕಷ್ಟಿದೆ. ಮಕ್ಕಳ ಕೈ ಬಿಡಲೇಬೇಡಿ. ಗಾಲಿಕುರ್ಚಿ, ಮಗುವಿನ ತಳ್ಳುಗಾಡಿಗೆ ಈ ಭಾಗ ಆಗುವುದಿಲ್ಲ. ಹೊರಬರುವಾಗ ಬಯಲಿನ ಇಳಿಜಾರಿನಲ್ಲಿ ಕಲ್ಲು ಹಾಸಿದ ಒಂದು ಅಗಲದ ಜಾಗ ನೋಡಿ. ಅದು ಮಳೆನೀರು ಹಿಡಿಯಲು ಮಾಡಿದ್ದು. ಬಂಡೆಯ ತುದಿಯಲ್ಲಿ ಬಾವಿ ತೋಡಲಾಗದು. ಬಿದ್ದ ಹನಿಯನ್ನೇ ತೊಟ್ಟಿಗೆ ಹರಿಸಿಕೊಳ್ಳಬೇಕಿತ್ತು.

ಚರ್ಚು, ಮತ್ತು ಮನೆಯಿಲ್ಲದ ಕಿಟಕಿ

ಹನ್ನೊಂದರ ಹೊತ್ತಿಗೆ ಕೆಳಗಿಳಿದರೆ ಸೇಂಟ್ ವಿನ್ಸೆಂಟ್ ಚೌಕ. ಇಲ್ಲಿನ ಚರ್ಚು 12ನೇ ಶತಮಾನದ್ದು. ಒಳಗೆ ಹೋಗಿ ಕಣ್ಣು ಕತ್ತಲಿಗೆ ಹೊಂದುವವರೆಗೆ ಕಾಯಿರಿ. ಒಂದು ಪಕ್ಕ ಕಟ್ಟಿದ ಗೋಡೆ, ಇನ್ನೊಂದು ಪಕ್ಕ ಬೆಟ್ಟವೇ. ಬಣ್ಣದ ಗಾಜಿನ ಕಿಟಕಿಗಳು ಮಾತ್ರ ಹೊಸವು. ಅವು ಮ್ಯಾಕ್ಸ್ ಆಂಗ್ರಾನ್ ಎಂಬ ಕಲಾವಿದನ ಕೆಲಸ, ಮೊನಾಕೋದ ದೊರೆ 3ನೇ ರೇನಿಯೇ ಕೊಟ್ಟ ಉಡುಗೊರೆ. ಮೊನಾಕೋಗೂ ಇಲ್ಲಿಗೂ ಏನು ಸಂಬಂಧ? ಕೋಟೆ ಕೆಡವಿ ಹತ್ತು ವರ್ಷವಾಗುವಷ್ಟರಲ್ಲಿ, 1642ರಲ್ಲಿ, ಫ್ರಾನ್ಸಿನ ರಾಜ ಈ ಊರನ್ನು ಮೊನಾಕೋದ ಗ್ರಿಮಾಲ್ಡಿ ಮನೆತನಕ್ಕೆ ಕೊಟ್ಟ. 'ಬೋ ಮಾರ್ಕ್ವಿಸ್' ಅನ್ನುವ ಬಿರುದು ಇವತ್ತಿಗೂ ಅಲ್ಲಿನ ಯುವರಾಜನಿಗೇ. ಬಿರುದು ಮಾತ್ರ, ಊರಲ್ಲ.

ಕ್ರಿಸ್‌ಮಸ್ ಹಿಂದಿನ ರಾತ್ರಿ ಈ ಚರ್ಚಿಗೆ ಕುರುಬರು ಬರುತ್ತಾರೆ. ಟಗರು ಎಳೆಯುವ ಪುಟ್ಟ ಗಾಡಿಯಲ್ಲಿ ಕುರಿಮರಿಯನ್ನು ತಂದು ಅರ್ಪಿಸುವ ಹಳೆಯ ಪದ್ಧತಿ. ಡಿಸೆಂಬರ್‌ನಲ್ಲಿ ಹೋಗಲಾಗದವರು ಬೇಜಾರು ಮಾಡಿಕೊಳ್ಳಬೇಡಿ. ಚೌಕದ ಎದುರಿಗೇ ಬಿಳಿ ನಿಲುವಂಗಿಯ ಭಕ್ತರ ಪುಟ್ಟ ಗುಡಿ ಇದೆ, 17ನೇ ಶತಮಾನದ್ದು. ಒಳಗೆ ಈವ್ ಬ್ರಾಯೇ ಎಂಬ ಚಿತ್ರಕಾರ 1974ರಲ್ಲಿ ಮಾಡಿದ ಭಿತ್ತಿಚಿತ್ರಗಳು. ಯೇಸುವಿನ ಹುಟ್ಟು, ನೋಡಲು ಬಂದ ಕುರುಬರು. ಆದರೆ ಊರು ಬೆತ್ಲೆಹೇಮ್ ಅಲ್ಲ, ಆಲ್ಪೀಯ್ ಗುಡ್ಡಗಳೇ. ಈಗಷ್ಟೇ ಮೇಲಿಂದ ನೋಡಿದ ಬಂಡೆ, ಅದೇ ಬಿಳುಪು. ಅದಕ್ಕೇ ಇದನ್ನು ಕೋಟೆಯ ನಂತರ ನೋಡಬೇಕು ಅನ್ನುವುದು.

ಚೌಕದಿಂದ ಮುಖ್ಯ ಬೀದಿಗೆ ಬಂದರೆ ಮಾನ್ವಿಲ್ ಮನೆ, ಈಗ ಪುರಸಭೆ. ಅದರ ಎದುರಿಗೆ ಒಂದು ಕಿಟಕಿ ಇದೆ. ಬರೀ ಕಿಟಕಿ. ಹಿಂದೆ ಮನೆ ಇಲ್ಲ, ಚಾವಣಿ ಇಲ್ಲ, ಕಂಡಿಯಲ್ಲಿ ಕಾಣುವುದು ಆಕಾಶ. ಮೇಲೆ 1571 ಅಂತ ಇಸವಿ, 'ಪೋಸ್ಟ್ ತೆನೆಬ್ರಾಸ್ ಲುಕ್ಸ್' ಅಂತ ಲ್ಯಾಟಿನ್ ಬರಹ. ಕತ್ತಲೆಯ ನಂತರ ಬೆಳಕು ಅನ್ನುವುದು ಅರ್ಥ. ಅದು ಪ್ರೊಟೆಸ್ಟೆಂಟರ ಘೋಷವಾಕ್ಯ. ಕ್ಯಾಥೊಲಿಕರಿಗೂ ಅವರಿಗೂ ಫ್ರಾನ್ಸಿನಲ್ಲಿ ಕತ್ತಿ ಕಟ್ಟಿದ್ದ ಕಾಲದಲ್ಲಿ ಇದನ್ನು ಬೀದಿಗೆ ಕಾಣುವಂತೆ ಕೆತ್ತಿಸಲು ಗುಂಡಿಗೆ ಬೇಕಿತ್ತು.

ಊಟ

ಫ್ರಾನ್ಸಿನಲ್ಲಿ ಊಟದ ಹೊತ್ತು ಮೀರಿದರೆ ಉಪವಾಸವೇ. ಹನ್ನೆರಡಕ್ಕೆ ಶುರು, ಎರಡಕ್ಕೆ ಅಡುಗೆಮನೆ ಬಂದ್. ಹನ್ನೆರಡು ಕಾಲಿಗೆ ಕೂತುಬಿಡಿ. ಒಳಗೆ ಹೋಗುವಾಗ 'ಬೋಂಝೂರ್' ಅನ್ನುವುದನ್ನು ಮರೆಯಬೇಡಿ, ಆ ಒಂದು ಪದಕ್ಕೆ ಎದುರಿನವರ ಮುಖವೇ ಬದಲಾಗುತ್ತದೆ. 'ಕರಾಫ್ ದೋ' ಎಂದರೆ ನಲ್ಲಿಯ ನೀರನ್ನು ಹೂಜಿಯಲ್ಲಿ ಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ.

ಸಸ್ಯಾಹಾರಿಗಳಿಗೆ ಎರಡು ಎಚ್ಚರಿಕೆ. ಬ್ರೆಡ್ಡಿಗೆ ಹಚ್ಚಿಕೊಡುವ ತಪನಾಡ್ ನೋಡಲು ಆಲಿವ್ ಚಟ್ನಿಯ ಹಾಗಿರುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಆ್ಯಂಕೋವಿ ಎಂಬ ಪುಟ್ಟ ಮೀನು ಅರೆದಿರುತ್ತಾರೆ. ಮೇಕೆ ಚೀಸಿನ ಸಲಾಡ್ ಮೇಲೆ ಹಂದಿಮಾಂಸದ ಚೂರು ಉದುರಿಸುವುದೂ ಮಾಮೂಲು. 'ಸಾಂ ವ್ಯಾಂದ್, ನಿ ಪ್ವಾಸೋಂ' ಅನ್ನಿ, ಮಾಂಸವೂ ಬೇಡ, ಮೀನೂ ಬೇಡ ಅಂತ. ತರಕಾರಿಯ ರಾಟಟೂಯಿ, ಹುರುಳಿಕಾಯಿ-ಕಾಳು-ತುಳಸಿ ಜಾತಿಯ ಸೊಪ್ಪು ಹಾಕಿದ ಪಿಸ್ತೂ ಸೂಪು ಸಿಕ್ಕರೆ ಬಿಡಬೇಡಿ.

ಕೊಳ್ಳುವುದೇ ಇದ್ದರೆ ಆಲಿವ್ ಎಣ್ಣೆ ಕೊಳ್ಳಿ. 'ವಾಲೇ ದೆ ಬೋ', ಅಂದರೆ ಬೋ ಕಣಿವೆಯ ಎಣ್ಣೆಗೆ ಮೂಲಸ್ಥಳದ ಅಧಿಕೃತ ಮನ್ನಣೆ ಇದೆ. ಎರಡು ಬಗೆ. ಹಸಿ ಕಾಯಿಯದ್ದು ಗಂಟಲಲ್ಲಿ ಸ್ವಲ್ಪ ಖಾರ. ಕಾಯಿಯನ್ನು ಕೆಲವು ದಿನ ಇಟ್ಟು ಹಣ್ಣಾಗಿಸಿ ತೆಗೆದದ್ದಕ್ಕೆ ಕೋಕೋ, ಹುಳಿಬ್ರೆಡ್ಡಿನ ವಾಸನೆ. ರುಚಿ ನೋಡಿ ಆರಿಸಿ. ವಿಮಾನದಲ್ಲಿ ಅದನ್ನು ಚೆಕ್-ಇನ್ ಬ್ಯಾಗಿಗೇ ಹಾಕಬೇಕು.

ಕಲ್ಲುಗಣಿ: ಬಿಸಿಲೇರಿದಾಗ ಬೆಟ್ಟದೊಳಗೆ

ಊರಿಂದ ಡಿ 27 ರಸ್ತೆಯಲ್ಲಿ ಹತ್ತು-ಹದಿನೈದು ನಿಮಿಷ ನಡೆದರೆ ಕರಿಯೇರ್ ದೆ ಲ್ಯುಮಿಯೇರ್, ಅಂದರೆ ಬೆಳಕಿನ ಗಣಿಗಳು. ಈ ಕಣಿವೆಗೆ ನರಕದ ಕಣಿವೆ ಅಂತ ಹೆಸರು. ಮನೆ ಕಟ್ಟುವ ಬಿಳಿ ಕಲ್ಲನ್ನು ಇಲ್ಲಿಂದ ತೆಗೆಯುತ್ತಿದ್ದರು. 1935ರಲ್ಲಿ ಗಣಿ ಮುಚ್ಚಿತು. ಉಳಿದದ್ದು ಬೆಟ್ಟದ ಹೊಟ್ಟೆಯಲ್ಲಿ ದೊಡ್ಡ ದೊಡ್ಡ ಹಜಾರಗಳು, ಚಾವಣಿ ಬೀಳದಿರಲು ಬಿಟ್ಟ ಚೌಕ ಕಂಬಗಳು. 1959ರಲ್ಲಿ ಫ್ರೆಂಚ್ ಕವಿ, ಸಿನಿಮಾ ನಿರ್ದೇಶಕ ಜಾನ್ ಕಾಕ್ತೋ ತನ್ನ ಕೊನೆಯ ಸಿನಿಮಾವನ್ನು ಇಲ್ಲಿ ಚಿತ್ರೀಕರಿಸಿದ. 1977ರಲ್ಲಿ ಆಲ್ಬೆರ್ ಪ್ಲೆಸಿ ಎಂಬಾತ ಗೋಡೆಗಳ ಮೇಲೆ ಚಿತ್ರ ಬಿಡುವ ಪ್ರದರ್ಶನ ಶುರು ಮಾಡಿದ. ಈಗಿನ ರೂಪ ಬಂದದ್ದು 2012ರಲ್ಲಿ.

ಒಳಗೆ ವರ್ಷವಿಡೀ ಸುಮಾರು 15 ಡಿಗ್ರಿ. ಸ್ವೆಟರ್ ಹೊರತೆಗೆಯಿರಿ. ಹೊರಗೆ 33 ಇರುವಾಗ ಒಳಗೆ ಕೂರುವುದು, ಹೊರಗೆ ತಂಪಾದಾಗ ಊರು ಸುತ್ತುವುದು. ಒಂದೂವರೆಯ ಟಿಕೆಟ್ ಅಂದದ್ದು ಇದಕ್ಕೇ.

ಗೋಡೆ, ಕಂಬ, ಚಾವಣಿ, ನೆಲ, ಎಲ್ಲದರ ಮೇಲೂ ಚಿತ್ರಗಳು ಹರಿಯುತ್ತವೆ, ಸಂಗೀತದ ಜೊತೆ. ಪ್ರತಿ ವರ್ಷ ಬೇರೆ ಕಲಾವಿದ: 2019ರಲ್ಲಿ ವ್ಯಾನ್ ಗೋ, 2021ರಲ್ಲಿ ಸೆಜಾನ್. ಮುಖ್ಯ ಪ್ರದರ್ಶನ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ, ಮುಗಿದ ಮೇಲೆ ಮತ್ತೆ ಮೊದಲಿಂದ. ಕುರ್ಚಿಗಳಿಲ್ಲ, ಇಷ್ಟ ಬಂದಷ್ಟು ಹೊತ್ತು ಇರಬಹುದು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಇಲ್ಲಿ ಒಂದೂ ಮೂಲ ಚಿತ್ರವಿಲ್ಲ. ಇದು ಚಿತ್ರ ನೋಡುವ ಜಾಗ ಅಂದುಕೊಂಡು ಹೋದರೆ ಸಪ್ಪೆ ಅನ್ನಿಸಬಹುದು. ಆದ್ದರಿಂದ ಎರಡು ಸಲ ನೋಡಿ. ಮೊದಲನೇ ಸಲ ನಡುಹಜಾರದಲ್ಲಿ ನಿಂತು ಎಲ್ಲರಂತೆ ಬೆರಗಾಗಿ. ಎರಡನೇ ಸಲ ಒಂದು ಕಂಬದ ಪಕ್ಕಕ್ಕೆ, ಒಂದು ಮಾರು ದೂರಕ್ಕೆ ಬನ್ನಿ. ಹಳದಿ ಹೊಲವೋ ನೀಲಿ ರಾತ್ರಿಯೋ ಅದರ ಮೇಲೆ ಸರಿದುಹೋಗುವಾಗ ಕಲ್ಲಿನ ಗೀರುಗಳು ಎದ್ದು ಕಾಣುತ್ತವೆ. ಅಡ್ಡ ಗೀರು, ಓರೆ ಗೀರು, ಒಂದೊಂದೂ ಯಾರೋ ಕಲ್ಲುಕುಟಿಗನ ಉಳಿಯದ್ದು. ದೂರದಿಂದ ಕುಂಚದ ಎಳೆಯಂತೆ ಕಂಡದ್ದು ಹತ್ತಿರ ಬಂದರೆ ಉಳಿಯ ಏಟು. ಬೆಳಗ್ಗೆ ಕೋಟೆಯ ಗೋಡೆಯಲ್ಲಿ ನೋಡಿದ ಕಲ್ಲೂ ಇದೇ ಬೆಟ್ಟದ್ದು.

ನೆಲ ಹೆಚ್ಚುಕಡಿಮೆ ಸಮತಟ್ಟು. ಕೋಟೆ ಹತ್ತಲಾಗದ ಹಿರಿಯರನ್ನು ಇಲ್ಲಿಗೆ ಧೈರ್ಯವಾಗಿ ಕರೆತನ್ನಿ. ಕತ್ತಲಿಗೆ, ಜೋರು ಸದ್ದಿಗೆ ಹೆದರುವ ಮಕ್ಕಳಿದ್ದರೆ ಬಾಗಿಲ ಹತ್ತಿರವೇ ನಿಲ್ಲಿ. ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲ.

ನಾಲ್ಕರ ಮೇಲೆ ಮತ್ತೆ ಊರಿಗೆ

ಪ್ರವಾಸಿ ಬಸ್ಸುಗಳು ಹೊರಡುವ ಹೊತ್ತು. ಬೀದಿ ಖಾಲಿಯಾಗುತ್ತದೆ. ಈಗ ಮೂಲ ಚಿತ್ರ ನೋಡೋಣ. ಪೋರ್ಸೆಲೆ ಮನೆ ಎಂಬ 16ನೇ ಶತಮಾನದ ಕಟ್ಟಡದಲ್ಲಿ ಈವ್ ಬ್ರಾಯೇ ವಸ್ತುಸಂಗ್ರಹಾಲಯವಿದೆ. ಬೆಳಗ್ಗೆ ನೋಡಿದ ಭಿತ್ತಿಚಿತ್ರಗಳ ಕಲಾವಿದ, 1907ರಲ್ಲಿ ಹುಟ್ಟಿ 1990ರಲ್ಲಿ ತೀರಿಕೊಂಡ. ಪ್ರೊವಾನ್ಸ್, ಸ್ಪೇನ್, ಇಟಲಿಯ ಬಯಲುಗಳು, ಕಮಾರ್ಗ್‌ನ ಬಿಳಿ ಕುದುರೆಗಳು. ಗಣಿಯ ಅಬ್ಬರದ ನಂತರ ಈ ಮೌನ ಹಿತವಾಗಿರುತ್ತದೆ. ಬಣ್ಣದ ದಪ್ಪ, ಕುಂಚ ತಿರುಗಿದ ಗುರುತು, ಗೋಡೆಯ ಮೇಲಿನ ಬೆಳಕಿನಲ್ಲಿ ಇದು ಇರಲಿಲ್ಲ.

ಸಾಂಟೋನ್ ಮ್ಯೂಸಿಯಂ ಪುಟ್ಟದು, ಪ್ರವೇಶ ಉಚಿತ. ಸಾಂಟೋನ್ ಎಂದರೆ ಪುಟ್ಟ ಸಂತ, ಮಣ್ಣಿನ ಗೊಂಬೆ. ಫ್ರೆಂಚ್ ಕ್ರಾಂತಿಯಲ್ಲಿ ಚರ್ಚುಗಳನ್ನು ಮುಚ್ಚಿದಾಗ ಜನ ಮನೆಯಲ್ಲೇ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ದೃಶ್ಯ) ಜೋಡಿಸಲು ಶುರು ಮಾಡಿದರು, ಗೊಂಬೆಗಳ ಬೇಡಿಕೆ ಬೆಳೆದದ್ದು ಆಗ. ದೇವರ ಪಕ್ಕ ಮೀನು ಮಾರುವವಳು, ಚಾಕು ಸಾಣೆ ಹಿಡಿಯುವವನು, ಬೆಳ್ಳುಳ್ಳಿ ಹೊತ್ತವಳು. ನಮ್ಮ ದಸರಾ ಗೊಂಬೆಗಳ ಸಾಲಿನಲ್ಲಿ ಶೆಟ್ಟರ ಅಂಗಡಿ ಕೂತಿರುವುದಿಲ್ಲವೇ, ಥೇಟ್ ಹಾಗೆ.

ಕೈಯಲ್ಲಿ ಇನ್ನೊಂದು ದಿನವಿದ್ದರೆ ಸೇಂಟ್ ರೆಮಿಗೆ ಹೋಗಿ. ವ್ಯಾನ್ ಗೋ 1889ರ ಮೇಯಿಂದ ಒಂದು ವರ್ಷ ಇದ್ದ ಸೇಂಟ್ ಪಾಲ್ ಮಠದ ಆಸ್ಪತ್ರೆ ಅಲ್ಲಿದೆ. ನಕ್ಷತ್ರಗಳ ರಾತ್ರಿಯ ಚಿತ್ರ ಬರೆದದ್ದು ಅಲ್ಲೇ. ರಸ್ತೆ ದಾಟಿದರೆ ಗ್ಲಾನಮ್, ರೋಮನ್ ಕಾಲದ ಊರಿನ ಅವಶೇಷ. ಅದನ್ನು ಇದೇ ದಿನಕ್ಕೆ ತುರುಕಬೇಡಿ.

ಸೂರ್ಯ ಮುಳುಗಲು ಮುಕ್ಕಾಲು ಗಂಟೆ ಇರುವಾಗ ಕಾರು ಹತ್ತಿ. ಅದೇ ಡಿ 27 ರಸ್ತೆಯಲ್ಲಿ ಗಣಿ ದಾಟಿ ಮೇಲೇರಿದರೆ ನೋಟದ ಜಾಗವೊಂದು ಬರುತ್ತದೆ. ರಸ್ತೆ ತಿರುವಿನದು, ನಡೆದು ಹೋಗಬೇಡಿ, ಕತ್ತಲಾದ ಮೇಲೆ ಕಾಲುದಾರಿ ಇಲ್ಲ. ಅಲ್ಲಿಂದ ಇಡೀ ಊರು ಒಂದೇ ನೋಟಕ್ಕೆ ಸಿಗುತ್ತದೆ. ಪಡುವಣ ಬೆಳಕು ಓರೆಯಾಗಿ ಬೀಳುವಾಗ ಮೊದಲು ಮನೆಗಳು ಬೂದಿಬಣ್ಣಕ್ಕೆ ತಿರುಗುತ್ತವೆ, ಆಮೇಲೆ ಚರ್ಚಿನ ಗೋಪುರ. ಕೋಟೆಯ ಮುರಿದ ಗೋಡೆ ಮಾತ್ರ ಇನ್ನೂ ಐದಾರು ನಿಮಿಷ ಕೆಂಪಗೇ ಇರುತ್ತದೆ. ಅಲ್ಲೂ ಗಾಳಿ ಇರುತ್ತದೆ, ಸ್ವೆಟರ್ ಡಿಕ್ಕಿಯಲ್ಲಿ ಇಡಬೇಡಿ.